ಗೃಹಜ್ಯೋತಿ ಇದ್ದರೆ ಎಲೆಕ್ಟ್ರಿಕ್ ಕಾರು ಪುಕ್ಕಟೆ ಓಡುವುದಿಲ್ಲ

‘ಮನೆಗೆ ಗೃಹಜ್ಯೋತಿ ಇದ್ದರೆ ಎಲೆಕ್ಟ್ರಿಕ್ ಕಾರಿಗೆ ಬಿಡಿಗಾಸೂ ಖರ್ಚಿಲ್ಲ’ ಎಂಬ ಸಂದೇಶ ಉಡುಪಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ನಂಬಿ ಸಾಲ ಮಾಡಿದವರಿಗೆ ಮೆಸ್ಕಾಂ ಬಿಲ್ ಬಂದಾಗ ಕಷ್ಟವಾಗುತ್ತದೆ.

ಮೊನ್ನೆ ಮಂಗಳೂರಿಗೆ ಹೋಗಿ ಬಂದೆ, ಸುಮಾರು 115 ಕಿಲೋಮೀಟರ್. ರಾತ್ರಿ ಪ್ಲಗ್ ಹಾಕುವ ಮುನ್ನ ಜಗಲಿಯ ಮೀಟರ್ ನೋಡಿಟ್ಟೆ. ಬೆಳಿಗ್ಗೆ 20 ಯೂನಿಟ್ ಏರಿತ್ತು. ಚಾರ್ಜ್ ಆಗುವಾಗ ಶಾಖವಾಗಿ ಸೋರುವುದೂ, ನಮ್ಮ ಸೆಕೆಗೆ ಬಿಡಲಾಗದ ಎ.ಸಿ.ಯೂ ಅದರಲ್ಲೇ ಸೇರಿವೆ. ಈ ಲೆಕ್ಕದಲ್ಲಿ ತಿಂಗಳಿಗೆ 1,000 ಕಿಲೋಮೀಟರ್‌ಗೆ 170ರಿಂದ 175 ಯೂನಿಟ್ ಬೇಕು. ಮನೆಯ ಬಳಕೆ 110 ಇದ್ದರೆ ಒಟ್ಟು 280 ದಾಟುತ್ತದೆ.

ಇಲ್ಲಿಯೇ ಪೆಟ್ಟು. ಬಳಕೆ 200 ಯೂನಿಟ್ ಮೀರಿದರೆ ಹೆಚ್ಚುವರಿಗೆ ಮಾತ್ರವಲ್ಲ, ಪೂರ್ತಿ ಬಿಲ್ ಕಟ್ಟಬೇಕು. ನಿಗದಿತ ಶುಲ್ಕ, ತೆರಿಗೆ ಸೇರಿ ಯೂನಿಟ್‌ಗೆ 8 ರೂಪಾಯಿ ಹಿಡಿದರೂ ಸುಮಾರು 2,300 ರೂಪಾಯಿ. ನಿನ್ನೆಯವರೆಗೆ ಸೊನ್ನೆ ಇದ್ದ ಬಿಲ್ ಅದು. ಹಾಗಾಗಿ ಅಷ್ಟೂ ಕಾರಿನ ಖರ್ಚೇ.

ಹಾಗೆಂದು ‘ಪೆಟ್ರೋಲ್‌ಗೂ ಇದಕ್ಕೂ ವ್ಯತ್ಯಾಸವಿಲ್ಲ’ ಎನ್ನುವವರ ಮಾತೂ ಸರಿಯಲ್ಲ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ಅಷ್ಟೇ ದೂರಕ್ಕೆ 67 ಲೀಟರ್ ಕುಡಿಯುತ್ತದೆ. ಲೀಟರಿಗೆ 100 ರೂಪಾಯಿ ಎಂದರೂ 6,700. ಹೆದ್ದಾರಿ ಬದಿಯ ವೇಗದ ಚಾರ್ಜರ್‌ನಲ್ಲೇ, ಯೂನಿಟ್‌ಗೆ 20 ರೂಪಾಯಿಯಂತೆ ಎಲ್ಲವನ್ನೂ ತುಂಬಿಸಿದರೆ 3,500ರ ಆಸುಪಾಸು.

ಕಾರು ಕೊಳ್ಳುವ ಮುನ್ನ ಕಳೆದ ಬೇಸಿಗೆಯ ಬಿಲ್ ತೆಗೆದು ಯೂನಿಟ್ ನೋಡಿಕೊಳ್ಳಿ.