ಯುದ್ಧಕ್ಕೆ 17 ವರ್ಷ ತಡವಾಗಿ ಬಂದ ಲಾರಿ

ಕತ್ಯೂಶಾ ಗೊತ್ತಲ್ವಾ? ಎರಡನೇ ಮಹಾಯುದ್ಧದಲ್ಲಿ ರಷ್ಯಾದವರು ಜರ್ಮನ್ನರ ಮೇಲೆ ರಾಕೆಟ್ ಹಾರಿಸಲು ಬಳಸಿದ ಆಯುಧ. ಲಾರಿಯ ಬೆನ್ನ ಮೇಲೆ 8 ಉದ್ದನೆ ಕಂಬಿ, ಒಂದೊಂದು ಕಂಬಿಗೂ ಮೇಲೊಂದು ಕೆಳಗೊಂದು ಅಂತ ಒಟ್ಟು 16 ರಾಕೆಟ್. 1941ರ ಜುಲೈ 14ರಂದು ಕ್ಯಾಪ್ಟನ್ ಇವಾನ್ ಫ್ಲ್ಯೋರೊವ್‌ನ ತುಕಡಿ ಓರ್ಷಾ ರೈಲು ನಿಲ್ದಾಣದ ಮೇಲೆ ಇದನ್ನು ಹಾರಿಸಿತ್ತು. ಆ ದಿನವನ್ನು 1/35 ಅಳತೆಯ ಪ್ಲಾಸ್ಟಿಕ್ ಮಾದರಿಯಾಗಿ ನನ್ನ ಮೇಜಿನ ಮೇಲೆ ತರಬೇಕು ಅಂತ ಹುಚ್ಚು ಹತ್ತಿತು. ನಿಜವಾದ ರಾಕೆಟ್ 132 ಮಿಲಿಮೀಟರ್ ದಪ್ಪ, ನನ್ನದು 4 ಮಿಲಿಮೀಟರ್ ಕೂಡ ಇಲ್ಲ. ಹದಿನಾರಕ್ಕೂ ರೆಕ್ಕೆ ಅಂಟಿಸುವಷ್ಟರಲ್ಲಿ ಮೂರು ಕಳೆದವು, ಎರಡು ಮಂಚದ ಕೆಳಗೆ ಸಿಕ್ಕವು, ಒಂದು ನನ್ನ ಮೊಣಕೈಗೇ ಅಂಟಿಕೊಂಡಿತ್ತು.

ರಾಕೆಟ್ಟೇ ಮುಗೀತು, ಇನ್ನು ಲಾರಿ ಏನು ಮಹಾ ಅಂದುಕೊಂಡೆ.

ಯುದ್ಧ ಸ್ಮಾರಕವೊಂದರ ಫೋಟೋ ಸಿಕ್ಕಿತು. ಕಲ್ಲಿನ ಕಟ್ಟೆ, ಅದರ ಮೇಲೆ ಮೂರು ಆಕ್ಸಲ್‌ನ (ಚಕ್ರದ ಅಚ್ಚಿನ) ಹಸಿರು ಲಾರಿ, ಲಾರಿ ಮೇಲೆ ಕತ್ಯೂಶಾ. ಸ್ಮಾರಕದಲ್ಲೇ ನಿಲ್ಲಿಸಿದ್ದಾರೆ ಅಂದ ಮೇಲೆ ತಪ್ಪಿರುತ್ತದಾ? ಅದೇ ಲಾರಿಯ ಕಿಟ್ ತರಿಸಿ ಜೋಡಿಸಿ ಬಣ್ಣವನ್ನೂ ಬಳಿದೆ. ನನಗೊಬ್ಬ ಗೆಳೆಯನಿದ್ದಾನೆ, ನಟ್ಟು ನೋಡಿ ಇಸವಿ ಹೇಳುವ ಜಾತಿ. ಬಂದವನು ಕೂತುಕೊಳ್ಳುವ ಮೊದಲೇ ಕೇಳಿದ, "ಯಾವ ಯುದ್ಧ ಮಾರಾಯ ಇದು?"

ಅದು ಜಿಲ್-157. ತಯಾರಾಗಲು ಶುರುವಾಗಿದ್ದು 1958ರಲ್ಲಿ. ಯುದ್ಧ ಮುಗಿದ ಮೇಲೂ ಕತ್ಯೂಶಾ ಸೇನೆಯಲ್ಲಿತ್ತು, ಲಾರಿ ಹಳತಾದ ಹಾಗೆ ಹೊಸ ಲಾರಿಗೆ ಏರಿಸುತ್ತಾ ಹೋದರು, ಕೊನೆಗೆ ಕೆಲವು ಹಾಗೇ ಕಟ್ಟೆ ಹತ್ತಿ ನಿಂತವು. ಹುತಾತ್ಮರಿಗೆ ಅಂತ ಕಟ್ಟಿದ ಸ್ಮಾರಕದಲ್ಲಿ ಅವರು ಯಾರೂ ನೋಡಿಯೇ ಇರದ ಲಾರಿ!

ಸರಿ, ಎರಡನೇ ಕಿಟ್. ಈ ಸಲ ಚೆನ್ನಾಗಿ ಓದಿಕೊಂಡು, ಅಮೆರಿಕದ ಸ್ಟುಡಿಬೇಕರ್ ಯುಎಸ್6 ತರಿಸಿದೆ. ಯುದ್ಧದ ಲಾರಿಯೇ, ಅನುಮಾನವೇ ಇಲ್ಲ. ಯುದ್ಧದಲ್ಲಿ ಅಮೆರಿಕ ತನ್ನ ಮಿತ್ರರಿಗೆ ಕೊಟ್ಟ ಲೆಂಡ್-ಲೀಸ್ ನೆರವಿನಲ್ಲಿ ಸಾವಿರಗಟ್ಟಲೆ ರಷ್ಯಾಕ್ಕೆ ಹೋಗಿದ್ದವು, ಆರು ಚಕ್ರವೂ ಎಳೆಯುತ್ತಿದ್ದವು, ಕೆಸರಿಗೆ ಬಗ್ಗುತ್ತಿರಲಿಲ್ಲ. 1943ರಲ್ಲಿ ಕತ್ಯೂಶಾಗೆ ಇದನ್ನೇ ಕಾಯಂ ಮಾಡಿದರು. ಗೆಳೆಯ ನೋಡಿದ. "ಪರವಾಗಿಲ್ಲ, 15 ವರ್ಷ ಹಿಂದೆ ಬಂದಿದ್ದೀಯ. ಇನ್ನೆರಡು ವರ್ಷ ಬಾ." 1941ರ ಜುಲೈನಲ್ಲಿ ಅಮೆರಿಕದ ಲಾರಿಗಳು ರಷ್ಯಾ ಕಡೆ ಹೊರಟೇ ಇರಲಿಲ್ಲವಂತೆ.

ಫ್ಲ್ಯೋರೊವ್ ಬಳಿ ಇದ್ದದ್ದು ಜಿಸ್-6. ಮಾಸ್ಕೋದಲ್ಲೇ ತಯಾರಾಗುತ್ತಿದ್ದ ಲಾರಿ. ಅಕ್ಟೋಬರ್‌ನಲ್ಲಿ ಜರ್ಮನ್ನರು ಹತ್ತಿರ ಬಂದಾಗ ಕಾರ್ಖಾನೆಯನ್ನೇ ಪೂರ್ವಕ್ಕೆ ಸಾಗಿಸಿದರು, ಜಿಸ್-6 ಅಲ್ಲಿಗೆ ನಿಂತುಹೋಯಿತು. ಕಾರ್ಖಾನೆಯವರೇ ಕೈಬಿಟ್ಟದ್ದು ನನಗೆಲ್ಲಿ ಸಿಗಬೇಕು? ಎಷ್ಟು ಹುಡುಕಿದರೂ ಕಿಟ್ ಸಿಗಲಿಲ್ಲ. ಆದರೆ ಅದು ಜಿಸ್-5 ಲಾರಿಗೆ ಹಿಂದೆ ಇನ್ನೊಂದು ಆಕ್ಸಲ್ ಸೇರಿಸಿ ಮಾಡಿದ್ದು ಅಂತ ಓದಿದೆ. ಓದಿದ ತಕ್ಷಣ ತಲೆ ಓಡಿತು. (ನನ್ನ ತಲೆ ಓಡಿದಾಗೆಲ್ಲ ಮನೆಯವರು ಹೆದರುತ್ತಾರೆ.) ಜಿಸ್-5 ತಂದು ಅದರ ಮೂತಿ, ಕ್ಯಾಬಿನ್ ಎರಡನ್ನೂ ಕಿತ್ತು ಸ್ಟುಡಿಬೇಕರ್ ಚಾಸಿ ಮೇಲೆ ಕೂರಿಸಿದರೆ ಆಯ್ತಲ್ಲ!

ಜಿಸ್-5 ಬಂತು. ಬಿಚ್ಚಿ ನೋಡಿದರೆ ಹೆಡ್‌ಲೈಟ್ ಒಂದೇ. ಡಬ್ಬ ಬೋರಲು ಹಾಕಿದೆ, ಕವರ್ ಕೊಡವಿದೆ, ಕಸದ ಬುಟ್ಟಿಯನ್ನೂ ಕೆದಕಿದೆ. ಕೊನೆಗೆ ಮಾರಿದವರಿಗೆ ಸಿಟ್ಟಲ್ಲಿ ಉದ್ದನೆ ಪತ್ರ ಬರೆದೆ, ಬಿಡಿಭಾಗ ಕಳಿಸದೆ ಮೋಸ ಮಾಡಿದ್ದೀರಿ ಅಂತ. ಅವರ ಉತ್ತರ ಒಂದೇ ಸಾಲು: ಆ ಲಾರಿಗೆ ಇದ್ದದ್ದೇ ಒಂದು.

ನಿಜ. ನಾನು ತರಿಸಿದ್ದು ಜಿಸ್-5ವಿ, 1942ರ ಬಡ ಅವತಾರ. ಯುದ್ಧದಲ್ಲಿ ಲೋಹಕ್ಕೆ ಬರ ಬಂದಿತ್ತು. ಕ್ಯಾಬಿನ್‌ಗೆ ಮರದ ಹಲಗೆ ಹೊಡೆದರು, ದುಂಡಗಿದ್ದ ಮಡ್‌ಗಾರ್ಡನ್ನು ಚಪ್ಪಟೆ ತಗಡು ಬಗ್ಗಿಸಿ ಮಾಡಿದರು, ಬಲಗಡೆ ಲೈಟ್ ಬೇಡ ಅಂದರು, ಮುಂದಿನ ಬ್ರೇಕನ್ನೂ ತೆಗೆದರು. ಲೈಟಿಲ್ಲದ್ದು ಬಿಡಿ, ಮೂರು ಟನ್ ಹೊರುವ ಲಾರಿಗೆ ಮುಂದೆ ಬ್ರೇಕೇ ಇಲ್ಲ ಅಂದ್ರೆ ಆ ಡ್ರೈವರ್ ಇಳಿಜಾರಿನಲ್ಲಿ ಏನು ಮಾಡುತ್ತಿದ್ದನೋ!

ಇನ್ನೂ ಒಂದು ವರ್ಷ ಹಿಂದೆ ಹೋಗಬೇಕಿತ್ತು. ಸ್ಟುಡಿಬೇಕರ್‌ನ ಒಂದು ಲೈಟ್ ಕಿತ್ತು ಅಂಟಿಸಿದೆ. ಅದು ಪಕ್ಕದ್ದಕ್ಕಿಂತ ಒಂದು ಚೂರು ದೊಡ್ಡದು, ಲಾರಿ ಹುಬ್ಬೇರಿಸಿ ನೋಡಿದ ಹಾಗೆ ಕಾಣುತ್ತಿತ್ತು. ಮಗಳು ಬಂದು "ಅಪ್ಪಾ, ಇದಕ್ಕೆ ಏನಾಯ್ತು, ಕಣ್ಣು ಊದಿದೆ" ಅಂದಳು. ಹಲಗೆಯ ಗೆರೆಗಳನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಮಡ್‌ಗಾರ್ಡ್ ದುಂಡಗೆ ಮಾಡೋಣ ಅಂತ ಹೆಂಡತಿಯ ಹೇರ್ ಡ್ರೈಯರ್ ಹಿಡಿದೆ. ಒಂದು ಚೆನ್ನಾಗಿ ಬಗ್ಗಿತು. ಇನ್ನೊಂದು ಬಗ್ಗಿ, ಮಲಗಿ, ಚಕ್ರವನ್ನು ತಬ್ಬಿಕೊಂಡಿತು. ಹೇರ್ ಡ್ರೈಯರ್‌ನಲ್ಲಿ ಪ್ಲಾಸ್ಟಿಕ್ ವಾಸನೆ ಯಾಕೆ ಅನ್ನುವ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ರಷ್ಯಾದ ಮೂತಿ, ಅಮೆರಿಕದ ಬೆನ್ನು. ನಡುವಿನ ಹೊಲಿಗೆ ಮಾತ್ರ ಎದ್ದು ಕಾಣುತ್ತಿತ್ತು. ಆಗ ನೆನಪಾಯಿತು, ಕತ್ಯೂಶಾ ಗುಟ್ಟಿನ ಆಯುಧ, ದಾರಿಯಲ್ಲಿ ಹೋಗುವಾಗ ಟಾರ್ಪಾಲ್ ಹೊದಿಸುತ್ತಿದ್ದರು! ಟಿಶ್ಯೂ ಪೇಪರನ್ನು ಅಂಟಿನ ನೀರಲ್ಲಿ ಅದ್ದಿ ಕ್ಯಾಬಿನ್ ಹಿಂಭಾಗದಿಂದ ಬಾಲದವರೆಗೆ ಹೊದಿಸಿದೆ. ಹೊಲಿಗೆ ಮುಚ್ಚಿತು. 16 ರಾಕೆಟ್ಟೂ ಮುಚ್ಚಿದವು.

ಗೆಳೆಯ ಬಂದ. ಸುಮ್ನೆ ಒಂದು ಸುತ್ತು ನೋಡಿದ. ಮೊದಲ ಸಲ ತಲೆಯಾಡಿಸಿದ. ನನಗೆ ಎದೆ ಉಬ್ಬಿತು. ಆಮೇಲೆ ಲಾರಿಯನ್ನು ಎತ್ತಿ ಬೋರಲು ಹಾಕಿದ.

"ಜಿಸ್-6ಗೆ ಹಿಂದಿನ ಚಕ್ರಗಳು ಮಾತ್ರ ತಾನೇ ಎಳೆಯೋದು? ಇದಕ್ಕೆ ಮುಂದಿನ ಆಕ್ಸಲ್‌ಗೂ ಶಾಫ್ಟ್ ಹೋಗಿದೆಯಲ್ಲ."

"ಕೆಸರು ಬಳಿದು ಮುಚ್ಚುತ್ತೇನೆ" ಅಂದೆ.

"ಜುಲೈನಲ್ಲಿ ಕೆಸರಾ?"

ಅವನು ಹೋದ ಮೇಲೆ ಮಾದರಿಯ ಹೆಸರಿನ ಹಲಗೆಯ ಮೇಲಿದ್ದ ಜುಲೈ ಅಳಿಸಿ ಅಕ್ಟೋಬರ್ ಅಂತ ಬರೆದೆ. ಆ ತಿಂಗಳು ರಷ್ಯಾದ ರಸ್ತೆಗಳೆಲ್ಲ ಕೆಸರೇ. ಅಷ್ಟು ಹೊತ್ತಿಗೆ ಓರ್ಷಾ ಜರ್ಮನ್ನರ ಕೈ ಸೇರಿತ್ತು, ಹಾಗಾಗಿ ಊರಿನ ಹೆಸರನ್ನೂ ಅಳಿಸಿದೆ. ಈಗ ಆಕ್ಸಲ್ ಮುಳುಗುವಷ್ಟು ಕೆಸರು ಸುರಿದಿದ್ದೇನೆ, ಒಣಗಲು ಎರಡು ದಿನ ಬೇಕು. ಎರಡು ದಿನ ಅವನು ಬರದಿದ್ದರೆ ಸಾಕು.