ಹಿರಿಯರು ಮನೆಯಲ್ಲಿಲ್ಲ, ಬನ್ನಿ ಟೀ ಕುಡಿಯೋಣ

ಸಿಯೋಲಿನ ಜೊಂಗ್‌ಮ್ಯೊ ಗುಡಿಯ ಟೀ ಪಾರ್ಟಿ ಪುರಾಣ ಮುಗಿಯುವ ಹಾಗೆ ಕಾಣುತ್ತಿಲ್ಲ. ದಕ್ಷಿಣ ಕೊರಿಯದ ಆಗಿನ ರಾಷ್ಟ್ರಪತಿಗಳ ಶ್ರೀಮತಿ ಕಿಮ್ ಗೊನ್ ಹೀ ಅವರು ರಾಜರ ಪಿತೃಗಳ ಗುಡಿಯಲ್ಲಿ ಗೆಳೆಯರನ್ನು ಕೂರಿಸಿಕೊಂಡು ಟೀ ಕುಡಿದ ಸುದ್ದಿ ಇನ್ನೇನು ಹಳತಾಯಿತು ಅನ್ನುವಷ್ಟರಲ್ಲಿ, ಅದಕ್ಕೂ ಒಂದು ವರ್ಷ ಮೊದಲೇ ಅರಮನೆಯ ಸಿಂಹಾಸನದ ಮೇಲೂ ಕೂತೆದ್ದು ಬಂದಿದ್ದರು ಅಂತ ಹೊರಬಿತ್ತು. ಕೂರುವ ವಿಷಯದಲ್ಲಿ ಇಷ್ಟು ಉತ್ಸಾಹ ಇರುವವರು ಅಪರೂಪ.

ಬೈಯುವವರು ಬೈಯಲಿ. ನನಗಂತೂ ಮೆಚ್ಚುಗೆ. ಮೊದಲು ಜಾಗದ ಆಯ್ಕೆ ನೋಡಿ. ಸಿಯೋಲಿನಲ್ಲಿ ಟೀ ಕಾಫಿಗೆ ಬರವೇ? ಹೆಜ್ಜೆಗೊಂದು ಅಂಗಡಿ. ಇನ್ಸಾದೊಂಗ್ ಗಲ್ಲಿಗೆ ಹೋದರೆ ಹಳೆಯ ಹೆಂಚಿನ ಮನೆಯೊಳಗೆ, ಬೆಚ್ಚಗಿನ ನೆಲದ ಮೇಲೆ ಕೂತು, ಹುಳಿ ಸಿಹಿ ಒಗರು ಎಲ್ಲ ಒಟ್ಟಿಗೇ ನಾಲಿಗೆಗೆ ಹತ್ತುವ ಒಮಿಜಾ ಹಣ್ಣಿನ ಟೀ ಕುಡಿಯಬಹುದು. ಆದರೆ ಅಲ್ಲಿಗೆ ಯಾರು ಬೇಕಾದರೂ ಹೋಗಬಹುದಲ್ಲ! ಯಾರು ಬೇಕಾದರೂ ಹೋಗುವ ಕಡೆ ದೊಡ್ಡವರು ಹೋಗಿ ಏನು ಮಾಡುವುದು?

ಇನ್ನು ದಿನದ ಆಯ್ಕೆ. 2024ರ ಸೆಪ್ಟೆಂಬರ್ 3, ಮಂಗಳವಾರ. ಜೊಂಗ್‌ಮ್ಯೊಗೆ ಮಂಗಳವಾರ ರಜೆ. ಶನಿವಾರ ಭಾನುವಾರ ಬಿಟ್ಟರೆ ಉಳಿದ ದಿನಗಳಲ್ಲೂ ಸಾಮಾನ್ಯವಾಗಿ ಜನ ಹೇಳಿದ ಹೊತ್ತಿಗೆ ಬಂದು, ಗೈಡ್ ಹಿಂದೆ ಸಾಲಾಗಿ ನಡೆದು, ಹೇಳಿದ ಹೊತ್ತಿಗೆ ಹೊರಗೆ ಹೋಗಬೇಕಿತ್ತು. ರಜೆಯ ದಿನವಾದರೆ ಗೈಡೂ ಇಲ್ಲ, ಸಾಲೂ ಇಲ್ಲ, ಸೆಲ್ಫಿ ಹಿಡಿಯುವವರ ಕಾಟವೂ ಇಲ್ಲ. ಒಂದು ದೇಶದ ಪಿತೃಸ್ಥಾನದಲ್ಲಿ ಶಾಂತಿ ಬೇಕು ಅಂದರೆ ಅದರ ಬಾಗಿಲು ಹಾಕಿದ ದಿನವೇ ಹೋಗಬೇಕು. ಇಷ್ಟು ಸುಲಭದ ಉಪಾಯ ನಮಗ್ಯಾಕೆ ಹೊಳೆಯಲಿಲ್ಲವೋ.

ಜೊಂಗ್‌ಮ್ಯೊ ಅಂದರೆ ಸುಮ್ನೆ ಒಂದು ಹಳೆ ಕಟ್ಟಡ ಅಂದುಕೊಳ್ಳಬೇಡಿ. ಜೊಸೊನ್ ವಂಶದ ಮೊದಲ ರಾಜ ರಾಜಧಾನಿಯನ್ನು ಇಲ್ಲಿಗೆ ತಂದಾಗ, 1395ರಲ್ಲಿ, ಅರಮನೆಯ ಜೊತೆಜೊತೆಗೇ ಕಟ್ಟಿಸಿದ ಗುಡಿ. ಸತ್ತ ರಾಜ ರಾಣಿಯರ ಆತ್ಮ ಮರದ ಫಲಕಗಳಲ್ಲಿ ನೆಲೆಸುತ್ತದೆ ಅನ್ನುವುದು ಅಲ್ಲಿನ ನಂಬಿಕೆ. ಮುಖ್ಯ ಮಂದಿರದ 19 ಕೋಣೆಗಳಲ್ಲಿ 49 ಫಲಕಗಳು. 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗಲೂ ಮೇ ತಿಂಗಳ ಮೊದಲ ಭಾನುವಾರ ಹಳೆಯ ವಾದ್ಯ, ಹಳೆಯ ಕುಣಿತದ ಸಮೇತ ಹಿರಿಯರಿಗೆ ದೊಡ್ಡ ಪೂಜೆ ನಡೆಯುತ್ತದೆ. ಮೂರು ಸಲ ಮದ್ಯ ಅರ್ಪಿಸುತ್ತಾರೆ. ಹೌದು, ಹಿರಿಯರಿಗೆ ಅಲ್ಲಿ ಸಿಗುವುದು ಮದ್ಯ. ಟೀ ಯಾರಿಗೆ ಅಂತ ಕೇಳಬೇಡಿ.

ಟೀ ನಡೆದದ್ದು ಮಾಂಗ್‌ಮ್ಯೊರು ಅನ್ನುವ ಕಟ್ಟಡದಲ್ಲಿ. ಪೂಜೆಗೆ ಬಂದ ರಾಜ ಅಲ್ಲಿ ತಂಗಿ, ಗುಡಿಯ ಕಡೆ ನೋಡುತ್ತಾ, ತೀರಿಹೋದ ರಾಜರನ್ನು ನೆನೆಯಬೇಕಿತ್ತು. ಅದಕ್ಕೆಂದೇ ಕಟ್ಟಿಸಿದ ಜಾಗ. ನೆನೆಯುತ್ತಾ ಒಂದು ಲೋಟ ಟೀ ಕುಡಿಯಬಾರದು ಅಂತ ಯಾವ ಶಾಸನದಲ್ಲೂ ಕೆತ್ತಿಲ್ಲ, ಅಲ್ವಾ?

ಇದರಲ್ಲಿ ಇನ್ನೊಂದು ಮಜಾ ಇದೆ. ಆ ಸೆಪ್ಟೆಂಬರ್‌ನಲ್ಲಿ ಮುಖ್ಯ ಮಂದಿರದ ಹಿರಿಯರು ಮನೆಯಲ್ಲೇ ಇರಲಿಲ್ಲ. ಕಟ್ಟಡ ರಿಪೇರಿ ಅಂತ 2021ರಲ್ಲೇ ಆ 49 ಫಲಕಗಳನ್ನು ಪಕ್ಕದ ಛಾಂಗ್‌ದೊಕ್‌ಗುಂಗ್ ಅರಮನೆಗೆ ಸಾಗಿಸಿದ್ದರು. ಅವು ಪಲ್ಲಕ್ಕಿಯಲ್ಲಿ, ಭಾರಿ ಮೆರವಣಿಗೆಯಲ್ಲಿ ವಾಪಸ್ ಬಂದದ್ದು 2025ರ ಏಪ್ರಿಲ್‌ನಲ್ಲಿ. ಅಜ್ಜ ಅಜ್ಜಿಯರು ಊರಲ್ಲಿಲ್ಲ, ಗೇಟಿಗೆ ಬೀಗ, ಮೇಲಾಗಿ ರಜೆ. ಪಾರ್ಟಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತವನ್ನು ಯಾವ ಜೋಯಿಸರು ಇಟ್ಟುಕೊಟ್ಟಾರು?

ರಾಜಠೀವಿಯಲ್ಲೇ ಕುಡಿಯಬೇಕು ಅಂತಿದ್ದರೆ ದೊಕ್ಸುಗುಂಗ್ ಅರಮನೆ ಇತ್ತು. ಅಲ್ಲಿ ರಷ್ಯಾದವನೊಬ್ಬ ವಿನ್ಯಾಸ ಮಾಡಿದ ಜೊಂಗ್‌ಗ್ವಾನ್‌ಹೊನ್ ಮಂಟಪವಿದೆ. ಗೊಜೊಂಗ್ ರಾಜ ಅಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಅಂತ ಹೇಳುತ್ತಾರೆ. ಈ ಗೊಜೊಂಗ್‌ನ ಕಾಫಿ ಪ್ರೀತಿ ದೊಡ್ಡ ಕತೆ. 1898ರಲ್ಲಿ, ಗಡಿಪಾರಿನ ಶಿಕ್ಷೆಯಾಗಿದ್ದ ಹಳೆಯ ದುಭಾಷಿಯೊಬ್ಬ ಸಿಟ್ಟಿನಲ್ಲಿ ರಾಜನ ಕಾಫಿಗೆ ಅಫೀಮು ಹಾಕಿಸಿದ. ರಾಜನ ನಾಲಿಗೆ ಪಳಗಿದ್ದು, ವಾಸನೆ ಸರಿಯಿಲ್ಲ ಅಂತ ಉಗುಳಿದ. ಯುವರಾಜ ಪಾಪ, ಕುಡಿದುಬಿಟ್ಟ, ಆರೋಗ್ಯ ಕೆಡಿಸಿಕೊಂಡ. ಅರಮನೆಯಲ್ಲಿ ಕುಡಿಯುವುದು ಆಗ ಜೀವದ ಪ್ರಶ್ನೆ. ಈಗ ಬರೀ ಅನುಮತಿಯ ಪ್ರಶ್ನೆ, ಅದೂ ನಮ್ಮಂಥವರಿಗೆ ಮಾತ್ರ.

ಅನುಮತಿ ಅಂದೆನಲ್ಲ. ರಾಷ್ಟ್ರಪತಿ ಕಚೇರಿ ಜಾಗ ಕೇಳಿತು, ಸರ್ಕಾರದ ಕೆಲಸ ಅಂದುಕೊಂಡ ಪರಂಪರೆ ಇಲಾಖೆ ಬಾಗಿಲು ತೆಗೆಯಿತು. ಕಾಗದ, ಶುಲ್ಕ ಇವೆಲ್ಲ ಇಲ್ಲದೆಯೇ ಕೆಲಸ ಆಯಿತು. ಕೆಂಪು ಪಟ್ಟಿಯ ಕಾಟ ಅಂತ ಸದಾ ಗೊಣಗುವವರು ಇದನ್ನು ನೋಡಿ ಕಲಿಯಬೇಕು. ಸರಿಯಾಗಿ ಮೂರು ತಿಂಗಳಿಗೆ, ಡಿಸೆಂಬರ್ 3ರ ರಾತ್ರಿ, ಅದೇ ಮನೆಯ ಯಜಮಾನರು, ಅಂದರೆ ರಾಷ್ಟ್ರಪತಿಗಳೇ, ದೇಶಕ್ಕೆ ಸೇನಾಡಳಿತ ಹೇರಲು ಹೋಗಿ, ಸಂಸತ್ತು ಒಪ್ಪದೆ, ಬೆಳಗಾಗುವುದರೊಳಗೆ ಕೈಸುಟ್ಟುಕೊಂಡರು. ಬಾಗಿಲು ತಳ್ಳಿದರೆ ತೆರೆಯುತ್ತದೆ ಅನ್ನುವ ನಂಬಿಕೆ ಆ ಮನೆಯಲ್ಲಿ ಇಬ್ಬರಿಗೂ ಇತ್ತು. ಗುಡಿಯ ಬಾಗಿಲು ತೆರೆಯಿತು. ಸಂಸತ್ತಿನದು ತೆರೆಯಲಿಲ್ಲ.

ಈಗ ಸಾಮಾನ್ಯ ಜನ ಅರಮನೆಯಲ್ಲಿ ಟೀ ಕುಡಿಯುವುದು ಹೇಗೆ ಅಂತ ನೋಡಿ. ಕುಡಿಯಬಹುದು, ಕಾನೂನುಬದ್ಧವಾಗಿಯೇ. ಗ್ಯೊಂಗ್‌ಬೊಕ್‌ಗುಂಗ್ ಅರಮನೆಯಲ್ಲಿ ಸೆಂಗ್‌ಗ್ವಾಬಾಂಗ್ ಅಂತ ಒಂದು ಕಟ್ಟಡವಿದೆ. ರಾಜನಿಗೆ ತಿಂಡಿ, ಹಣ್ಣು, ಪಾನೀಯ ಸಿದ್ಧವಾಗುತ್ತಿದ್ದ ಜಾಗ. ಜಪಾನಿಯರ ಕಾಲದಲ್ಲಿ ಕೆಡವಿದ ಆ ಅಡುಗೆಮನೆ ಸಮುಚ್ಚಯವನ್ನು ಮತ್ತೆ ಕಟ್ಟಿ 2015ರಲ್ಲಿ ತೆರೆದರು. 15,000 ವಾನ್, ಅಂದರೆ ಸುಮಾರು ಸಾವಿರ ರೂಪಾಯಿ ಕೊಟ್ಟರೆ ಒಂದು ಬಗೆಯ ಔಷಧೀಯ ಟೀ, ಪುಟ್ಟ ಪುಟ್ಟ ಸಿಹಿತಿಂಡಿಗಳು. ಹಾನ್‌ಬೊಕ್ ಅನ್ನುವ ಸಾಂಪ್ರದಾಯಿಕ ಉಡುಪು ತೊಟ್ಟ ಹೆಣ್ಣುಮಕ್ಕಳು ತಂದಿಡುತ್ತಾರೆ. ಎಪ್ಪತ್ತು ನಿಮಿಷ. ಆಮೇಲೆ ಏಳಬೇಕು, ಮುಂದಿನ ಪಾಳಿಯವರು ಕಾಯುತ್ತಿರುತ್ತಾರೆ.

ಒಳಗೆ ಹೋಗುವುದು ಹೇಗೆ ಅಂತೀರಾ? ಲಾಟರಿ. ಮೊದಲು ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಹೆಸರು ಬಂದರೆ ಹೇಳಿದ ದಿನದೊಳಗೆ ಟಿಕೆಟ್ ಕೊಳ್ಳಬೇಕು. ಮಿಕ್ಕ ಸೀಟುಗಳಿಗೆ ಜನ ಫೋನು ಹಿಡಿದು, ಗಂಟೆ ಹೊಡೆಯುವುದನ್ನೇ ಕಾದು ಒತ್ತುತ್ತಾರೆ. ಒತ್ತುವಷ್ಟರಲ್ಲಿ ಖಾಲಿ. ಅಪ್ಪ ಅಮ್ಮನಿಗೆ ಒಮ್ಮೆ ಅರಮನೆ ಟೀ ಕುಡಿಸೋಣ ಅಂತ ಸೀಸನ್ನಿಗೊಮ್ಮೆ ಅರ್ಜಿ ಹಾಕಿ ಸೋಲುವ ಮಕ್ಕಳು ಆ ಊರಲ್ಲಿ ಬೇಕಾದಷ್ಟಿದ್ದಾರೆ.

ಸಿಹಿತಿಂಡಿಗಳಲ್ಲಿ ನನಗೆ ಇಷ್ಟ ಯಾಕ್‌ಗ್ವಾ. ಗೋಧಿ ಹಿಟ್ಟು, ಎಳ್ಳೆಣ್ಣೆ, ಜೇನು ಕಲಸಿ, ಕರಿದು, ಪಾಕದಲ್ಲಿ ನೆನೆಸುತ್ತಾರೆ. ನಮ್ಮ ಬಾದೂಷಾಗೆ ಹೂವಿನ ಅಚ್ಚು ಒತ್ತಿದ ಹಾಗೆ. ಇದಕ್ಕೂ ಸರ್ಕಾರಕ್ಕೂ ಹಳೆಯ ಜಗಳ. ಜೊಸೊನ್ ವಂಶಕ್ಕೂ ಮೊದಲಿನ ಗೊರ್ಯೊ ರಾಜರ ಕಾಲದಲ್ಲಿ ಜನ ಹಬ್ಬಕ್ಕೂ ಔತಣಕ್ಕೂ ಇದನ್ನೇ ರಾಶಿ ರಾಶಿ ಮಾಡಿ, ಧಾನ್ಯ ಎಣ್ಣೆ ಜೇನಿಗೆಲ್ಲ ತತ್ವಾರ ಬಂತು. ಕೊನೆಗೆ 1192ರಲ್ಲಿ ಇಂಥ ಜೇನಿನ ತಿಂಡಿಗಳನ್ನೇ ನಿಷೇಧಿಸಿ, ಹಣ್ಣು ತಿನ್ನಿ ಅಂತ ಆಜ್ಞೆಯಾಯಿತು. ಯೋಚನೆ ಮಾಡಿ, ಬಾದೂಷಾ ನಿಷೇಧ! ಜನ ಕೇಳಲಿಲ್ಲ ಅನ್ನಲು ಬೇರೆ ಸಾಕ್ಷಿ ಬೇಡ, ಮುಂದಿನ ರಾಜರೂ ಅದೇ ಆಜ್ಞೆ ಹೊರಡಿಸಬೇಕಾಯಿತು. ಮೊನ್ನೆ ಮೊನ್ನೆ ಮತ್ತೆ ಯಾಕ್‌ಗ್ವಾ ಹುಚ್ಚು ಹಿಡಿದು, ಹುಡುಗ ಹುಡುಗಿಯರು ಹೆಸರಾದ ಅಂಗಡಿಗಳ ಮುಂದೆ ಬೆಳಗ್ಗೆಯೇ ಸಾಲು ನಿಂತಿದ್ದರು. ತಿಂಡಿಯ ವಿಷಯದಲ್ಲಿ ಕೊರಿಯದ ಜನ ರಾಜಾಜ್ಞೆಗೂ ಬಗ್ಗಿದವರಲ್ಲ. ಆದರೆ ಸಾಲು ಅಂದರೆ ಸಾಲು. ನಿಲ್ಲುತ್ತಾರೆ.

ನಿಂತವರ ತಲೆಯ ಮೇಲೆ ಹಾದು ಹೋಗುತ್ತಾರಲ್ಲ, ಅಲ್ಲಿಗೆ ನನ್ನ ತಮಾಷೆ ಮುಗಿಯಿತು. ಗ್ಯೊಂಗ್‌ಬೊಕ್‌ಗುಂಗ್‌ನ ದರ್ಬಾರು ಮಂದಿರಕ್ಕೆ ಬರುವ ಲಕ್ಷಾಂತರ ಜನ ಹೊಸ್ತಿಲ ಹೊರಗೇ ನಿಂತು, ಕತ್ತು ಉದ್ದ ಮಾಡಿ ಸಿಂಹಾಸನ ನೋಡಿ ಹೋಗುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಈ ಕಿಮ್ ಗೊನ್ ಹೀ ಒಳಗೆ ಹೋಗಿ ಅದರ ಮೇಲೆ ಕೂತರು. ಅದು ಜನರಿಗೆ ಗೊತ್ತಾಗಲು 2025ರ ಅಕ್ಟೋಬರ್‌ನಲ್ಲಿ ಸಂಸತ್ತಿನವರು ಕೇಳಬೇಕಾಯಿತು. ಎರಡು ವರ್ಷ. ಕಂಡವರು ಎಷ್ಟು ಜನ ಇದ್ದಿರಬೇಕು? ಅಮ್ಮಾ, ಅದು ಕೂರುವ ಜಾಗ ಅಲ್ಲ ಅಂತ ಹೇಳಿದವರು ಒಬ್ಬರೂ ಇಲ್ಲವೇ? ಹೇಳಿದ್ದರೆ ನೌಕರಿ ಇರುತ್ತಿತ್ತೇ? ಸಾಕಾಗಿಹೋಗಿದೆ. ಊರಿಗೆಲ್ಲ ಒಂದು ದಾರಿ, ಅಮ್ಮಾವ್ರಿಗೆ ಒಂದು ದಾರಿ.

ಟೀ ಪಾರ್ಟಿ ಬಯಲಾದ ಮೇಲೆ, 2024ರ ಡಿಸೆಂಬರ್‌ನಲ್ಲೇ, ಇಲಾಖೆ ಜನರ ಕ್ಷಮೆ ಕೇಳಿತು. ಇನ್ನು ಮುಂದೆ ಜಾಗ ಕೊಡುವ ನಿಯಮಗಳನ್ನು ಬಿಗಿ ಮಾಡುತ್ತೇವೆ ಅಂದಿತು. ಯಾರಿಗೆ ಬಿಗಿ ಅಂತ ನನಗೆ ಈಗಲೇ ಗೊತ್ತು. ಮಕ್ಕಳನ್ನು ಕರೆದುಕೊಂಡು ಬಂದ ಶಾಲೆಯ ಮೇಡಮ್ಮಿನ ಚೀಲದಲ್ಲಿ ಬಿಸ್ಕತ್ತಿನ ಪೊಟ್ಟಣ ಕಂಡರೆ, ಗೇಟಿನಲ್ಲಿ ನಿಲ್ಲಿಸಿ, ಇದು ಹಿರಿಯರ ಪವಿತ್ರ ಜಾಗ, ತಿನ್ನುವ ಹಾಗಿಲ್ಲ ಅಂತ ಐದು ನಿಮಿಷ ಬುದ್ಧಿ ಹೇಳಿ, ಆಮೇಲೆ ಒಳಗೆ ಬಿಡುತ್ತಾರೆ.