ಫಲಾನುಭವಿಗಳ ಸಂಖ್ಯೆ

ಮಹಿಳಾ ಸೇವಾ ಕ್ಲಬ್ಬುಗಳ ವರದಿ ಪುಸ್ತಕವನ್ನು ಹೊರಗಿನವರು ನೋಡುವ ಸಂದರ್ಭ ಕಡಿಮೆ. ಕಾರ್ಯಕ್ರಮದ ಹೆಸರು, ದಿನಾಂಕ, ಸ್ಥಳ, ಖರ್ಚಾದ ಹಣ ಎಂದು ಸಾಲಾಗಿ ಗೀಟೆಳೆದ ಅಂಕಣಗಳಿದ್ದು, ಕಟ್ಟಕಡೆಗೆ ‘ಫಲಾನುಭವಿಗಳ ಸಂಖ್ಯೆ’ ಎಂಬುದೊಂದು ಇರುತ್ತದೆ. ಉಳಿದವುಗಳನ್ನು ಓದಿದವರನ್ನು ನಾನಿನ್ನೂ ಕಂಡಿಲ್ಲ. ಯಾವ ಊರಿನ ಹೆಂಗಸರು ಎಷ್ಟು ಸೇವೆ ಮಾಡಿದರೆಂದು ವರ್ಷದ ಕೊನೆಗೆ ಮೇಲಿನವರು ತೂಗಿ ನೋಡುವುದು ಈ ಕೊನೆಯ ಅಂಕಣದಿಂದಲೇ ಆದ್ದರಿಂದ, ಅದನ್ನು ತುಂಬುವ ಕಾರ್ಯದರ್ಶಿಗೆ ಕ್ಲಬ್ಬಿನಲ್ಲಿ ಹಳೆಯ ಕಾಲದ ಶ್ಯಾನುಭೋಗರ ಗತ್ತು ಇರುತ್ತದೆ. ಆ ಗತ್ತು ಒಂದು ವರ್ಷದ ಮಟ್ಟಿಗೆ ನನ್ನದಾಗಿತ್ತು.

ನಮ್ಮದು ತೆಂಗಿನ ಸೀಮೆಯ ಒಂದು ತಾಲ್ಲೂಕು ಕೇಂದ್ರ. ಕ್ಲಬ್ಬಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ನಾನು ಇನ್ನೂ ಅದೇ ಬೀದಿಯಲ್ಲಿ ಬದುಕಬೇಕಾಗಿದೆ. ನವರಾತ್ರಿಯಲ್ಲಿ ನಮ್ಮ ಮನೆಯ ಗೊಂಬೆಗಳನ್ನು ನೋಡಲು ಬಂದಿದ್ದ ಅಧ್ಯಕ್ಷೆಯವರು, ಗೊಂಬೆಗಳನ್ನು ಬಿಟ್ಟು ಅವುಗಳ ಮುಂದೆ ನಾನು ಬರೆದಿಟ್ಟಿದ್ದ ಚೀಟಿಗಳನ್ನು ಬಹಳ ಹೊತ್ತು ನೋಡಿ, “ಅಕ್ಷರ ಎಷ್ಟು ದುಂಡಗಿದೆ ರೀ ನಿಮ್ಮದು!” ಎಂದು ಹೊಗಳಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಸುಂಡಲಿನ ಪೊಟ್ಟಣ ಕೈಗೆ ಕೊಡುವಷ್ಟರಲ್ಲಿ ನಾನು ಸದಸ್ಯೆಯಾಗಿದ್ದೆ. ಮುಂದಿನ ಜುಲೈ ಬರುವಷ್ಟರಲ್ಲಿ ಕಾರ್ಯದರ್ಶಿಯಾಗಿದ್ದೆ. ಇಂಥ ಕ್ಲಬ್ಬುಗಳ ವರ್ಷ ಜನವರಿಯಲ್ಲೂ ಯುಗಾದಿಯಲ್ಲೂ ಆರಂಭವಾಗದೆ ಜುಲೈ 1ಕ್ಕೆ ಆರಂಭವಾಗುತ್ತದೆಂಬುದು ನನಗೆ ತಿಳಿದದ್ದೇ ಆಗ.

ಅಧ್ಯಕ್ಷೆಯವರು ಮದುವೆಗೆ ಮುಂಚೆ ದೊಡ್ಡ ಊರಿನಲ್ಲಿದ್ದವರು. ಅವರ ತಾಯಿ ಇನ್ನರ್ ವೀಲ್ ಸದಸ್ಯೆಯಾಗಿದ್ದವರು. ಆದ್ದರಿಂದ ಪ್ರತಿ ಸಭೆಯಲ್ಲಿಯೂ ಆ ಸಂಸ್ಥೆಯ ಪುರಾಣವನ್ನು ಒಮ್ಮೆಯಾದರೂ ಕೇಳಿಸುತ್ತಿದ್ದರು. ರೋಟರಿ ಸದಸ್ಯರ ಮಡದಿಯರನ್ನು ಕೂಡಿಸಿಕೊಂಡು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅದನ್ನು ಕಟ್ಟಿದವರು ಮಾರ್ಗರೆಟ್ ಗೋಲ್ಡಿಂಗ್ ಎಂಬ, ಹಿಂದೆ ನರ್ಸ್ ಆಗಿದ್ದ ಮಹಿಳೆ. ವಿಧಿವತ್ತಾದ ಮೊದಲ ಸಭೆ 1924ರ ಜನವರಿ 10ರಂದು. ನಮ್ಮ ದೇಶಕ್ಕೆ ಅದು ಬಂದದ್ದು 1955ರಲ್ಲಿ, ಅಹಮದಾಬಾದಿಗೆ. ಗಂಡಂದಿರ ರೋಟರಿಯಾದರೋ ಹೆಂಗಸರಿಗೆ ಬಾಗಿಲು ತೆರೆಯಲು 1989ರವರೆಗೆ ಯೋಚಿಸುತ್ತ ಕುಳಿತಿತ್ತು. ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು, ಆ ಮೊದಲ ಸಭೆಗೂ ಮುಂಚೆ, 1923ರ ನವೆಂಬರಿನಲ್ಲಿ, ಆ ಹೆಂಗಸರು ಮೊದಲ ಬಾರಿ ಸೇರಿದ್ದು ಒಂದು ಟರ್ಕಿಶ್ ಹಬೆ ಸ್ನಾನಗೃಹದಲ್ಲಿ ಎಂಬ ಸಂಗತಿ. ತಗಡಿನ ಮಾಡಿನ ನಮ್ಮ ಸಭಾಂಗಣದಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ, ಕರೆಂಟು ಹೋದ ಮೇಲೆ, ಆ ಪರಂಪರೆಯನ್ನು ನಾವು ಕಿಂಚಿತ್ತೂ ಲೋಪವಾಗದಂತೆ ಕಾಪಾಡಿಕೊಂಡು ಬಂದಿದ್ದೇವೆಂದು ನನಗೆ ಹೆಮ್ಮೆಯೆನಿಸುತ್ತಿತ್ತು.

ಪದಗ್ರಹಣದ ವಿಷಯವನ್ನು ಹೆಚ್ಚು ಹೇಳುವಂತಿಲ್ಲ. ಅಧ್ಯಕ್ಷೆಯ ಕೊರಳಪಟ್ಟಿಯನ್ನು ಹಿಂದಿನವರು ಮನೆಯಲ್ಲೇ ಮರೆತು ಬಂದಿದ್ದರಿಂದ, ಅದು ಬರುವವರೆಗೆ ಮುಖ್ಯ ಅತಿಥಿಗಳು ಮಾತನಾಡುತ್ತಿರಬೇಕೆಂದು ನಾನು ಚೀಟಿ ಕಳುಹಿಸಿದೆ. ಅವರು ಪಟ್ಟಿ ಬಂದ ಮೇಲೆಯೂ ನಿಲ್ಲಿಸಲಿಲ್ಲ. ಫಲಾನುಭವಿಗಳು: ಯಾರೂ ಇಲ್ಲ.

ನನ್ನ ಕೈಯ ಮೊದಲ ದೊಡ್ಡ ಕಾರ್ಯಕ್ರಮ ರಕ್ತದಾನ ಶಿಬಿರ. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವೆಂದು ಓದಿ ತಿಳಿದ ನಾನು ಅದಕ್ಕೆ ಪೂರ್ವಭಾವಿಯಾಗಿ ಒಂದು ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ರಕ್ತಹೀನತೆಯ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದ್ದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ಹೇಳಿ, ಬೆರಳು ತೋರಿಸಿ, ನುಗ್ಗೆಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳುವ ಮಕ್ಕಳನ್ನು ಕೈ ಎತ್ತಿಸಿ, ಊಟದ ಜೊತೆಗೇ ಕಾಫಿ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲವೆಂದು ಹೆದರಿಸಿ, ಅನಂತರ ಮುಖ್ಯೋಪಾಧ್ಯಾಯಿನಿಯವರ ಕೊಠಡಿಯಲ್ಲಿ ಉಪ್ಪಿಟ್ಟಿನ ಜೊತೆಗೆ ಎರಡು ಲೋಟ ಕಾಫಿ ಕುಡಿದು ಬಂದಿದ್ದೆ.

ಶಿಬಿರದ ದಿನ ಕ್ಲಬ್ಬಿನವರೇ ಮೊದಲು ರಕ್ತ ಕೊಟ್ಟು ಊರಿಗೆ ಮಾದರಿಯಾಗಬೇಕೆಂದು ಠರಾವಾಗಿತ್ತು. ಇಪ್ಪತ್ಮೂರು ಸದಸ್ಯೆಯರು ಒಂದೇ ಬಣ್ಣದ ಸೀರೆಯುಟ್ಟು ಸಾಲಾಗಿ ನಿಂತೆವು. ಅರವತ್ತೈದು ದಾಟಿದವರು ಬೇಡವೆಂದಾಗ ಐವರು ಸಾಲು ಬಿಟ್ಟರು. ಆರನೆಯವರೂ ಬಿಡಬೇಕಿತ್ತು, ಆದರೆ ಅವರು ತಮ್ಮ ವಯಸ್ಸನ್ನು ನಮಗೆ ಬೇರೆಯಾಗಿ ಹೇಳಿದ್ದರಿಂದ ಬಿ.ಪಿ. ಎಂಬ ಕಾರಣ ಕೊಟ್ಟು ಹೊರಬಂದರು. ತೂಕ 45 ಕಿಲೋ ಇರಬೇಕೆಂದಾಗ ಮಾತ್ರ ಯಾರೂ ಅಲುಗಲಿಲ್ಲ. ಉಳಿದವರ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ನೀಲಿ ದ್ರಾವಣದೊಳಕ್ಕೆ ಬಿಡುತ್ತಿದ್ದರು. ಅದು ಬೇರೇನೂ ಅಲ್ಲ, ನಮ್ಮ ಕಡೆ ಅಡಿಕೆಗೆ ಔಷಧಿ ಹೊಡೆಯುವಾಗ ಸುಣ್ಣದ ಜೊತೆ ಕಲಸುವ ಮೈಲುತುತ್ತವೇ. ಹಿಮೋಗ್ಲೋಬಿನ್ 12.5 ಗ್ರಾಂ ಇದ್ದರೆ ಹನಿ ಭಾರವಾಗಿ ತಳಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಮೇಲೆಯೇ ತಂಗುತ್ತದೆ. ಮುಳುಗಿದವರನ್ನು ತೇರ್ಗಡೆ ಮಾಡಿ ತೇಲಿದವರನ್ನು ಮನೆಗೆ ಕಳುಹಿಸುವ ಪರೀಕ್ಷೆ ಲೋಕದಲ್ಲಿ ಇದೊಂದೇ ಇರಬೇಕು. ನನ್ನ ಹನಿ ಕೆರೆಯಲ್ಲಿ ಬಿಟ್ಟ ದೀಪದಂತೆ ನೆಮ್ಮದಿಯಾಗಿ ತೇಲಿತು. ಯಂತ್ರದಲ್ಲಿ ಮತ್ತೊಮ್ಮೆ ನೋಡಿದಾಗ 10.4 ಎಂದು ಬಂತು. ನಾನು ಬೆರಳು ತೋರಿಸಿ ಹೇಳಿದ್ದ ಆ 57ರ ಸಾಲಿನಲ್ಲಿ, ನಲವತ್ತಾರು ವರ್ಷದ ನಾನೂ ಸದ್ದಿಲ್ಲದೆ ಕುಳಿತಿದ್ದೆ.

ಕಡೆಗೆ ಕ್ಲಬ್ಬಿನ ಮಾನ ಉಳಿಸಿದವರು ಇಬ್ಬರು ಕಿರಿಯ ಸದಸ್ಯೆಯರು, ಪದವಿ ಕಾಲೇಜಿನ ಹುಡುಗರು, ಆಟೋ ನಿಲ್ದಾಣದವರು ಮತ್ತು ಶಾಮಿಯಾನ ಕಟ್ಟಲು ಬಂದಿದ್ದ ಮೂವರು. ಒಟ್ಟು ಮೂವತ್ತೆಂಟು ಯೂನಿಟ್ ರಕ್ತ ಸಂಗ್ರಹವಾಯಿತು. ಕೊಟ್ಟವರಿಗೆಂದು ತಂದಿದ್ದ ಹಣ್ಣಿನ ರಸ ಮತ್ತು ಬಿಸ್ಕತ್ತು ಕೊಡಲಾಗದವರ ಬಳಿ ಹೆಚ್ಚಾಗಿ ಕಂಡುಬಂತು. ನನಗೆ ವೈದ್ಯರು ಕಬ್ಬಿಣದ ಮಾತ್ರೆಯ ಚೀಟಿ ಬರೆದುಕೊಟ್ಟು, “ಕಾಫಿ ಜೊತೆ ತಗೋಬೇಡಿ ಅಮ್ಮ” ಎಂದು ನನ್ನ ಭಾಷಣದ ಸಾರಾಂಶವನ್ನು ನನಗೇ ಹೇಳಿದರು.

ಆ ಸಂಜೆ ಅಂಕಣ ತುಂಬುವ ಹೊತ್ತಿಗೆ ಧರ್ಮಸೂಕ್ಷ್ಮವೊಂದು ತಲೆದೋರಿತು. ಫಲಾನುಭವಿಗಳೆಂದರೆ ಕೊಟ್ಟವರೋ, ಪಡೆಯುವವರೋ? ಒಂದು ಯೂನಿಟ್ಟನ್ನು ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸಿ ಮೂವರಿಗೆ ಕೊಡಬಹುದೆಂದು ಶಿಬಿರದವರು ಹೇಳಿದ್ದನ್ನು ಅಧ್ಯಕ್ಷೆಯವರು ಮರೆತಿರಲಿಲ್ಲ. ಮೂವತ್ತೆಂಟನ್ನು ಮೂರರಿಂದ ಗುಣಿಸಿ ನೂರಾ ಹದಿನಾಲ್ಕು ಎಂದು ಬರೆದೆವು. “ಮಾತ್ರೆ ತಂದವಳನ್ನು ಸೇರಿಸಿದರೆ ನೂರಾ ಹದಿನೈದು” ಎಂದು ನಮ್ಮ ಮನೆಯವರು ಪತ್ರಿಕೆಯ ಹಿಂದಿನಿಂದ ಹೇಳಿದರು. ಸೇರಿಸಲಿಲ್ಲ.

ಡಿಸೆಂಬರಿನಲ್ಲಿ, ಹೊಲಿಗೆ ಯಂತ್ರವೊಂದಕ್ಕೆ ಹಣ ಕೂಡಿಸಲು ನಡೆಸಿದ ತಿಂಡಿ ಮೇಳದಲ್ಲಿ ನಾನು ಕೊಬ್ಬರಿ ಮಿಠಾಯಿ ಇಟ್ಟಿದ್ದೆ. ತೆಂಗಿನ ಸೀಮೆಯಲ್ಲಿ ಕೊಬ್ಬರಿ ಮಿಠಾಯಿ ಮಾರಲು ಹೊರಟವರಿಗೆ ಏನಾಗಬೇಕೋ ಅದೇ ಆಯಿತು: ಹದಿನಾಲ್ಕು ಮಳಿಗೆಗಳಲ್ಲಿ ಒಂಬತ್ತರಲ್ಲಿ ಕೊಬ್ಬರಿ ಮಿಠಾಯಿಯೇ. ನಾವು ಒಬ್ಬರದನ್ನೊಬ್ಬರು ಕೊಂಡು ವ್ಯಾಪಾರವನ್ನು ಕುದುರಿಸಿದೆವು. ನಾನು ಸಾಮಾನಿಗೆ ಹಾಕಿದ್ದು ಸಾವಿರದ ಆರುನೂರು, ಬಂದದ್ದು ಒಂಬೈನೂರ ಐವತ್ತು, ಅದರಲ್ಲಿ ಏಳುನೂರು ನಮ್ಮ ಮನೆಯವರದು. ಉಳಿದ ಮಿಠಾಯಿಯನ್ನು ಸಂಕ್ರಾಂತಿಯವರೆಗೂ ತಿಂದೆವು.

ಇನ್ನು ನೇತ್ರ ಶಿಬಿರದ ಕಥೆ. ಇದನ್ನು ನಾನು ಬರೆಯದಿದ್ದರೆ ಬೇರೆ ಯಾರಾದರೂ ಬರೆದಾರೆಂಬ ಭಯದಿಂದಲೇ ಬರೆಯುತ್ತಿದ್ದೇನೆ.

ಫೆಬ್ರವರಿಯ ಒಂದು ಭಾನುವಾರ ಕಣ್ಣಾಸ್ಪತ್ರೆಯ ತಂಡವೊಂದು ಬರುವುದೆಂದು ನಿಶ್ಚಯವಾಗಿತ್ತು. ಬಸ್ ನಿಲ್ದಾಣದ ಎದುರಿಗೆ ಕಟ್ಟುವ ಫ್ಲೆಕ್ಸಿನ ಒಕ್ಕಣೆಯನ್ನು ನಾನು ಅಂಗಡಿಯ ಹುಡುಗನಿಗೆ ಫೋನಿನಲ್ಲಿ ಹೇಳಿದೆ. ಅವನು ಕೂಡಿಸಿ ವಾಟ್ಸಾಪಿನಲ್ಲಿ ಕಳುಹಿಸಿದ. ನಾನು ಒಗ್ಗರಣೆ ಹಾಕುತ್ತಲೇ ಮೊಬೈಲನ್ನು ಕೈಯಳತೆಯ ದೂರಕ್ಕೆ ಹಿಡಿದು, ಬಣ್ಣ ಚೆನ್ನಾಗಿದೆಯೆಂದು ಕಂಡು, ಹೆಬ್ಬೆರಳಿನ ಗುರುತು ಒತ್ತಿದೆ. ಅಕ್ಷರಗಳು ಸ್ವಲ್ಪ ಮಸುಕಾಗಿದ್ದವು. ಆಗಿನ ದಿನಗಳಲ್ಲಿ ಮೊಬೈಲಿನಲ್ಲೂ, ಪಂಚಾಂಗದಲ್ಲೂ, ಮಾತ್ರೆಯ ಹಾಳೆಯ ಹಿಂಬದಿಯಲ್ಲೂ ಅಕ್ಷರಗಳು ಮಸುಕಾಗಿಯೇ ಇರುತ್ತಿದ್ದವು; ಮುದ್ರಣದ ಗುಣಮಟ್ಟ ಕೆಟ್ಟಿತೆಂದು ನಾನು ಹಲವರ ಬಳಿ ಹೇಳಿಕೊಂಡೂ ಇದ್ದೆ.

ಶನಿವಾರ ಸಂಜೆ ಫ್ಲೆಕ್ಸು ಏರಿತು. ಎಂಟು ಅಡಿ ಅಗಲ, ನಾಲ್ಕು ಅಡಿ ಎತ್ತರ, ಅಧ್ಯಕ್ಷೆಯವರ ನಗುಮುಖ, ಅದರ ಕೆಳಗೆ ದಪ್ಪ ಕೆಂಪು ಅಕ್ಷರಗಳಲ್ಲಿ: ‘ಉಚಿತ ಗೋತ್ರ ತಪಾಸಣಾ ಶಿಬಿರ’.

ಎಂಟು ಅಡಿಯ ಅಕ್ಷರ ನನಗೂ ಚೆನ್ನಾಗಿಯೇ ಕಂಡಿತು. ಅಂಗಡಿ ಆಗಲೇ ಮುಚ್ಚಿತ್ತು. ಆ ಎರಡಕ್ಷರದ ಮೇಲೆ ಬಿಳಿಯ ಕಾಗದ ಅಂಟಿಸಿ ‘ನೇತ್ರ’ ಎಂದು ನನ್ನ ದುಂಡಗಿನ ಅಕ್ಷರದಲ್ಲಿಯೇ ಬರೆದೆವು. ರಾತ್ರಿ ಬಿದ್ದ ಅಕಾಲದ ಹನಿಮಳೆಗೆ ಅದು ಕಳಚಿಕೊಂಡಿತು. ಬೆಳಗ್ಗೆ ಎಂಟು ಗಂಟೆಗೆ ಶಾಲೆಯ ಅಂಗಳದಲ್ಲಿ ಜನ ಸೇರಿದ್ದರು. ಒಬ್ಬ ತಾಯಿ ಮಗಳ ಜಾತಕವನ್ನು ಅರಿಶಿನ ಹಚ್ಚಿದ ಕವರಿನಲ್ಲಿಟ್ಟು ತಂದಿದ್ದರು. ದೋತರ ಉಟ್ಟ ಹಿರಿಯರೊಬ್ಬರು ಮೇಜಿನ ಮುಂದೆ ಕೈಮುಗಿದು, “ನಮ್ದು ಕಾಶ್ಯಪ ಅಂತ ನಮ್ಮಪ್ಪ ಹೇಳ್ತಿದ್ರು ತಾಯಿ, ಸರಿಯೋ ತಪ್ಪೋ ಒಂದ್ಸಲ ನೋಡ್ಬಿಡಿ” ಎಂದರು. ಗೋತ್ರ ಗೊತ್ತಿಲ್ಲದವರೆಲ್ಲ ಕಾಶ್ಯಪ ಎಂದು ಹೇಳಿಕೊಳ್ಳುವ ವಾಡಿಕೆಯಿದೆಯಷ್ಟೆ. ಆ ಅನುಮಾನ ಅವರನ್ನು ಎಪ್ಪತ್ತು ವರ್ಷ ಕಾಡಿರಬೇಕು. ತಪ್ಪು ನನ್ನದೆಂದು ಒಪ್ಪಿಕೊಂಡು, ಹೇಗೂ ಬಂದಿದ್ದೀರಿ, ಕಣ್ಣನ್ನಾದರೂ ತೋರಿಸಿಕೊಂಡು ಹೋಗಿ ಎಂದು ಬೇಡಿಕೊಂಡೆ. ಗೋತ್ರದ ವಿಷಯ ಇತ್ಯರ್ಥವಾಗಲಿಲ್ಲ. ಎಡಗಣ್ಣಿನಲ್ಲಿ ಪೊರೆ ಬಲಿತಿತ್ತು. ಮಧ್ಯಾಹ್ನದ ಬಸ್ಸಿನಲ್ಲಿ ಶಸ್ತ್ರಚಿಕಿತ್ಸೆಗೆ ಹೊರಟ ಹನ್ನೊಂದು ಮಂದಿಯಲ್ಲಿ ಅವರೂ ಒಬ್ಬರು.

ನನ್ನದು ಹೆಸರು ನೋಂದಾಯಿಸುವ ಕೆಲಸ. ಆಧಾರ್ ಕಾರ್ಡಿನ ಸಣ್ಣ ಅಕ್ಷರ ಓದಿ ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳಬೇಕಿತ್ತು. ಕಾರ್ಡನ್ನು ನಾನು ದೂರ ಹಿಡಿದು, ಇನ್ನೂ ದೂರ ಹಿಡಿದು, ಕೈ ಸಾಲದೆ ಕುರ್ಚಿಯನ್ನೇ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದುದನ್ನು ಪಕ್ಕದ ಮೇಜಿನ ನೇತ್ರ ಸಹಾಯಕ ಹುಡುಗ ಅರ್ಧ ಗಂಟೆಯಿಂದ ನೋಡುತ್ತಿದ್ದನಂತೆ. ನಾನು ಒಂದು ಕಾರ್ಡಿನಲ್ಲಿದ್ದ 1953ನ್ನು 1983 ಎಂದು ಓದಿ, ಎದುರಿಗಿದ್ದ ಬೊಚ್ಚುಬಾಯಿಯ ಅಜ್ಜಿಗೆ ನನಗಿಂತ ಚಿಕ್ಕ ವಯಸ್ಸು ಬರೆದಾಗ ಅವನು ಎದ್ದು ಬಂದ. “ಮೇಡಂ, ಒಂದ್ನಿಮಿಷ ನೀವೂ ಇಲ್ಲಿ ಕೂತ್ಕೊಳ್ಳಿ” ಎಂದು ಬಹಳ ವಿನಯದಿಂದ ಹೇಳಿದ. ಸಾಲಿನಲ್ಲಿದ್ದವರೆಲ್ಲ ನನಗೆ ದಾರಿ ಬಿಟ್ಟರು.

ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಬಿಗಿಯಾಗುತ್ತ ಬಂದು ಹತ್ತಿರದ್ದು ಕಾಣದಾಗುತ್ತದೆ, ಇದು ರೋಗವಲ್ಲ, ಎಲ್ಲರಿಗೂ ಬರುತ್ತದೆ ಎಂದು ಅವನು ಸಮಾಧಾನ ಹೇಳಿದ. ನಮ್ಮಜ್ಜಿ ಓದುವ ಕನ್ನಡಕವನ್ನು ಚಾಳೀಸು ಎನ್ನುತ್ತಿದ್ದರು. ನಲವತ್ತು ಎಂಬರ್ಥದ ಚಾಲೀಸಿನಿಂದ ಬಂದ ಆ ಮಾತನ್ನು ನಾನು ಚಿಕ್ಕಂದಿನಲ್ಲಿ ಚಾಳಿ ಎಂಬುದರ ಬಹುವಚನವೆಂದು ತಿಳಿದಿದ್ದೆ. ಪ್ಲಸ್ ಎರಡರ ಚಾಳೀಸನ್ನು ಬಡವರಿಗೆಂದು ತರಿಸಿದ್ದ ಪೆಟ್ಟಿಗೆಯಿಂದಲೇ ತೆಗೆದು ಅವನು ನನ್ನ ಮೂಗಿನ ಮೇಲೇರಿಸಿದ. ಬೇಡವೆನ್ನಲು ಬಾಯಿ ತೆರೆದವಳು, ದಾಖಲೆ ಪುಸ್ತಕದ ಗೀಟುಗಳು ಒಮ್ಮೆಲೇ ಕಪ್ಪಗೆ ಕಂಡದ್ದರಿಂದ ಸುಮ್ಮನಾದೆ. ನನ್ನ ದುಂಡಗಿನ ಅಕ್ಷರಗಳು ಆರು ತಿಂಗಳಿಂದ ಗೀಟಿನ ಮೇಲೆ ಕೂರದೆ ಏರಿಳಿಯುತ್ತಿದ್ದವೆಂಬುದೂ ಆಗಲೇ ಕಂಡಿತು. ಕನ್ನಡಕದ ನೂರೈವತ್ತು ರೂಪಾಯಿಯನ್ನು ಆ ಕ್ಷಣವೇ ಖಜಾಂಚಿಗೆ ಕೊಟ್ಟು ರಸೀದಿ ಪಡೆದಿದ್ದೇನೆ. ಇದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ.

ಒಂದೂವರೆಗೆ ಜನವೆಲ್ಲ ಚಿತ್ರಾನ್ನದ ಕಡೆಗೆ ಹೋದರು. ಆಗ ಅಧ್ಯಕ್ಷೆಯವರಿಗೆ ಕನ್ನಡಕ ವಿತರಣೆಯ ಫೋಟೊ ತೆಗೆಯಿಸಿಲ್ಲವೆಂಬುದು ನೆನಪಾಯಿತು. ಕರೆದರೆ ಎಲೆ ಬಿಟ್ಟು ಬರುವ ಫಲಾನುಭವಿ ಒಬ್ಬರೂ ಇರಲಿಲ್ಲ. “ನಿಮ್ದೂ ಹೊಸದೇ ಅಲ್ವೇನ್ರೀ, ಸುಮ್ನೆ ಹೀಗೆ ನಿಂತ್ಕೊಳ್ಳಿ” ಎಂದು ನನ್ನ ಮೂಗಿನಿಂದ ಕನ್ನಡಕವನ್ನು ತೆಗೆದು, ಅದನ್ನೇ ನನಗೆ ಎರಡು ಕೈಯಿಂದ ದಯಪಾಲಿಸಿದರು. ಬೆಳಗ್ಗೆ ಐದಕ್ಕೆ ಎದ್ದು, ಹಳೆಯ ನೂಲಿನ ಸೀರೆಯುಟ್ಟು, ಮೇಜು ಹೊತ್ತು ಬೆವರಿದ್ದ ನಾನು ಕೈಯೊಡ್ಡಿ ನಿಂತೆ.

ಪತ್ರಿಕಾ ಪ್ರಕಟಣೆಯನ್ನು ಬರೆಯುವುದೂ ಕಾರ್ಯದರ್ಶಿಯ ಕೆಲಸವೇ. ಸುದ್ದಿ ತಡವಾದರೆ ಮರುದಿನಕ್ಕೆ ಬರುವುದಿಲ್ಲವೆಂಬ ಅನುಭವದಿಂದ ನಾನು ಶನಿವಾರ ರಾತ್ರಿಯೇ ಎಲ್ಲವನ್ನೂ ಬರೆದಿಟ್ಟಿದ್ದೆ. ಚಿತ್ರದ ಅಡಿಬರಹವೂ ಅದರಲ್ಲಿತ್ತು. ಭಾನುವಾರ ಸಂಜೆ ಫೋಟೊ ಸೇರಿಸಿ ಕಳುಹಿಸಿ, ಕಣ್ಣು ಕಾಣುತ್ತದೆಂಬ ಸಂಭ್ರಮದಲ್ಲಿ ಪಂಚಾಂಗ ಓದುತ್ತ ಕುಳಿತೆ. ಪ್ರಕಟಣೆಯನ್ನೇ ಒಮ್ಮೆ ಓದಬೇಕೆಂದು ಹೊಳೆಯಲಿಲ್ಲ. ಸೋಮವಾರ ನಮ್ಮ ಮನೆಯವರು ಪತ್ರಿಕೆಯ ಐದನೆಯ ಪುಟವನ್ನು ಮಡಿಸಿ, ಏನೂ ಮಾತನಾಡದೆ, ನನ್ನ ಕಾಫಿ ಲೋಟದ ಪಕ್ಕದಲ್ಲಿಟ್ಟರು. ಎರಡು ಕಾಲಂ ಅಗಲದ ಚಿತ್ರದಲ್ಲಿ ನಾನು ಸ್ಪಷ್ಟವಾಗಿದ್ದೆ. ಕೆಳಗೆ ನನ್ನದೇ ವಾಕ್ಯ ಒಂದಕ್ಷರವೂ ತಪ್ಪಿಲ್ಲದೆ ಅಚ್ಚಾಗಿತ್ತು: ‘ಬಡ ಮಹಿಳೆಯೊಬ್ಬರಿಗೆ ಕ್ಲಬ್ಬಿನ ಅಧ್ಯಕ್ಷೆಯವರು ಉಚಿತ ಕನ್ನಡಕ ವಿತರಿಸಿದರು.’

ಆ ದಿನ ವರದಿ ಪುಸ್ತಕ ತೆರೆದು, ಹೊಸ ಕನ್ನಡಕ ಧರಿಸಿ, ನೂರಾ ಇಪ್ಪತ್ತಾರನ್ನು ಹೊಡೆದುಹಾಕಿ ನೂರಾ ಇಪ್ಪತ್ತೇಳು ಎಂದು ತಿದ್ದಿದೆ. ರಕ್ತದಾನದ ಪುಟಕ್ಕೂ ಹಿಂದಿರುಗಿ ನೂರಾ ಹದಿನೈದು ಮಾಡಿದೆ.

ಮಂಗಳವಾರ ಬೆಳಗ್ಗೆ ಎಂದಿನಂತೆ ಸೊಪ್ಪಿನವಳು ಬಂದಳು. ಎರಡು ಕಟ್ಟು ನುಗ್ಗೆಸೊಪ್ಪು ತೆಗೆದುಕೊಂಡು ಮೂವತ್ತು ರೂಪಾಯಿ ಕೊಡಲು ಹೋದೆ. ಅವಳು ನನ್ನ ಮುಖವನ್ನೂ ಕನ್ನಡಕವನ್ನೂ ಒಂದು ಗಳಿಗೆ ನೋಡಿ, ದುಡ್ಡು ಹಿಡಿದ ನನ್ನ ಕೈಯನ್ನು ಮೆಲ್ಲಗೆ ಮಡಿಸಿ, “ಇರ್ಲಿ ಬುಡಕ್ಕಾ, ಅನುಕೂಲ ಆದಾಗ ಕೊಡೀರಂತೆ” ಎಂದು ಬುಟ್ಟಿಯನ್ನು ತಲೆಗೇರಿಸಿಕೊಂಡಳು.